ಹನ್ನೊಂದು ಗೇಮ್ ಡೆವಲಪರ್‌ಗಳು, ಒಂದು ಸಹಕಾರಿ ಕಚೇರಿ: ಪುಣೆಯಲ್ಲಿ ಕಟ್ಟುವುದು ಹೇಗೆ?

ಪ್ರಶ್ನೆ: ನಾವು ಪುಣೆಯ ಕೋಥ್ರೂಡ್, ಕರ್ವೆನಗರದ ಸುತ್ತಮುತ್ತ ಮನೆಯಲ್ಲೇ ಕೂತು ವಿಡಿಯೊ ಗೇಮ್ ಮಾಡುವ ಹನ್ನೊಂದು ಜನ. ಅರ್ಧಕ್ಕಿಂತ ಹೆಚ್ಚಿನವರು ಹುಬ್ಬಳ್ಳಿ, ಧಾರವಾಡ, ವಿಜಯಪುರದ ಕಡೆಯವರು. ನಮ್ಮಲ್ಲಿಬ್ಬರು ಗಂಡ-ಹೆಂಡತಿ. 1,400 ಚದರಡಿಯ ಜಾಗ ನೋಡಿದ್ದೇವೆ. ಬಾಡಿಗೆ ತಿಂಗಳಿಗೆ 80,000 ರೂಪಾಯಿ, ಆರು ತಿಂಗಳ ಡಿಪಾಸಿಟ್. ಮುಂದೆ 22 ಜನರಾದಾಗ 12 ಮೇಜು ಖಾಯಂ, ಉಳಿದ 4 ಮೇಜು ಹತ್ತು ಜನರಿಗೆ ಸರದಿಯ ಮೇಲೆ ಎಂದು ಲೆಕ್ಕ ಹಾಕಿದ್ದೇವೆ. ಎಲ್ಲರೂ ಸಮಾನ ಮಾಲೀಕರಾಗಿರುವ ಸಹಕಾರ ಸಂಘವಾಗಿ ನಡೆಸುವ ಆಸೆ. ನೋಂದಣಿ, ಹಣ, ಕರೆಂಟು, ಇಂಟರ್ನೆಟ್ ಹೇಗೆ ಹೊಂದಿಸಬೇಕು? ಬೆಳಗಾವಿಯ ಇಬ್ಬರು ಗೆಳೆಯರನ್ನೂ ಸದಸ್ಯರಾಗಿಸಬಹುದೇ?

ಉತ್ತರ: ಖಂಡಿತ ಮಾಡಬಹುದು. ಆದರೆ ಜಾಗ ನೋಡುವ ಮೊದಲೇ ಎರಡು ಮಾತು ಬರಹದಲ್ಲಿ ಇತ್ಯರ್ಥವಾಗಬೇಕಿತ್ತು: ಸಂಘ ಯಾವುದಕ್ಕೆ ಮಾಲೀಕ, ಮತ್ತು ಬಿಟ್ಟುಹೋಗುವವರ ಹಣ ಹೇಗೆ ವಾಪಸ್ ಬರುತ್ತದೆ. ಇಂಥ ಸಂಘಗಳಲ್ಲಿ ಸೇರುವಾಗ ಜಗಳ ಆಗುವುದಿಲ್ಲ, ಬಿಡುವಾಗ ಆಗುತ್ತದೆ. ಸ್ವತಂತ್ರ ಗೇಮ್ ಕೆಲಸದಲ್ಲಿ ಎರಡು-ಮೂರು ವರ್ಷ ಕೈಗೆ ಕಾಸಿಲ್ಲದೆ ದುಡಿದು, ಬಿಡುಗಡೆಯಾದ ಮೇಲೆ ಒಮ್ಮೆಲೇ ಹಣ ಬರುತ್ತದೆ ಅಥವಾ ಬರುವುದೇ ಇಲ್ಲ. ಹಾಗಾಗಿ ಸದಸ್ಯರು ವರ್ಷದ ನಡುವೆಯೇ ನೌಕರಿ ಹಿಡಿದು ಹೋಗುತ್ತಾರೆ. ಅದನ್ನು ತಪ್ಪಿಸಲಾಗದು. ನಿಯಮಗಳನ್ನು ಅದಕ್ಕೆ ಹೊಂದುವಂತೆ ಬರೆಯಬೇಕು.

ಮೊದಲ ಮಾತಿಗೆ ನನ್ನ ಉತ್ತರ ಸ್ಪಷ್ಟ: ಸಂಘ ಜಾಗಕ್ಕೂ ಸಲಕರಣೆಗೂ ಮಾಲೀಕ, ಗೇಮ್‌ಗಳಿಗೆ ಅಲ್ಲ. ಫ್ರಾನ್ಸಿನ ಬೋರ್ಡೋ ನಗರದ ಮೋಷನ್ ಟ್ವಿನ್ ಎಂಬ ಗೇಮ್ ಸ್ಟುಡಿಯೊ ಕೂಡ ಸಹಕಾರಿಯೇ. 2018ರಲ್ಲಿ 'ಡೆಡ್ ಸೆಲ್ಸ್' ಬಿಡುಗಡೆ ಮಾಡಿದ್ದು ಅವರೇ. ಆದರೆ ಅದು ಕೆಲಸಗಾರರ ಸಹಕಾರಿ, ಎಲ್ಲರೂ ಸೇರಿ ಒಂದೇ ಗೇಮ್ ಮಾಡುತ್ತಾರೆ. ನಿಮ್ಮದು ಬೇರೆ ಬಗೆ. 2013ರಲ್ಲಿ ಮೆಲ್ಬರ್ನ್‌ನಲ್ಲಿ ಶುರುವಾದ 'ದಿ ಆರ್ಕೇಡ್' ಎಂಬ ಲಾಭರಹಿತ ಜಾಗದಲ್ಲಿ ಒಂದೇ ಸೂರಿನಡಿ ಹಲವು ಸ್ಟುಡಿಯೊಗಳು ತಂತಮ್ಮ ಕೆಲಸ ಮಾಡಿಕೊಂಡಿದ್ದವು. ನಿಮಗೆ ಹತ್ತಿರದ ಮಾದರಿ ಅದು. ಬೈಲಾದಲ್ಲಿ (ಸಂಘದ ನಿಯಮಾವಳಿಯಲ್ಲಿ) ಒಂದು ಕಲಂ ಹೀಗಿರಲಿ: ಸಂಘದ ಜಾಗದಲ್ಲಿ, ಸಂಘದ ಯಂತ್ರದಲ್ಲಿ ಮಾಡಿದರೂ ಕೋಡ್, ಚಿತ್ರ, ಸಂಗೀತದ ಹಕ್ಕು ಮಾಡಿದವರದೇ; ಸಂಘಕ್ಕೆ ಯಾವ ಪಾಲೂ ಇಲ್ಲ. ಈ ಒಂದು ಕಲಂ ಇಲ್ಲದಿದ್ದರೆ ಮುಂದೆ ಪಬ್ಲಿಷರ್ (ಗೇಮನ್ನು ಮಾರುಕಟ್ಟೆಗೆ ತರುವ ಕಂಪನಿ) ಜೊತೆ ಕರಾರು ಮಾಡುವಾಗ ಅವರ ವಕೀಲರು ಸಂಘದಿಂದ ನಿರಾಕ್ಷೇಪಣಾ ಪತ್ರ ಕೇಳುತ್ತಾರೆ, ಅದಕ್ಕಾಗಿ ಸಭೆ ಕರೆಯಬೇಕಾಗುತ್ತದೆ.

ಉದ್ದೇಶದ ಕಲಂನಲ್ಲಿ ಬರೀ 'ಗೇಮಿಂಗ್' ಎಂದು ಬರೆಯಬೇಡಿ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಮೇಲೆ ಆ ಪದ ಕಂಡರೆ ಬ್ಯಾಂಕಿನವರೂ ಜಾಗದ ಮಾಲೀಕರೂ ಹಿಂಜರಿಯುತ್ತಾರೆ. 'ವಿಡಿಯೊ ಗೇಮ್ ಸಾಫ್ಟ್‌ವೇರ್ ತಯಾರಿಸುವವರಿಗೆ ಕಾರ್ಯಸ್ಥಳ ಮತ್ತು ಸಲಕರಣೆ ಒದಗಿಸುವುದು' ಎಂದು ಬರೆದು, ಹಣ ಕಟ್ಟಿ ಆಡುವ ಆಟಗಳ ಕೆಲಸ ಇಲ್ಲಿ ನಡೆಯುವುದಿಲ್ಲ ಎಂದೂ ಸೇರಿಸಿ.

ಇನ್ನು ನೋಂದಣಿ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಆ ಸೀಮೆಯೂ ಪುಣೆಯೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. ಈಗ ನಿಮಗೆ ಅನ್ವಯಿಸುವುದು ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆ, 1960. ಅದರ 6ನೇ ಕಲಂ ಪ್ರಕಾರ ಕನಿಷ್ಠ ಹತ್ತು ಜನ ಬೇಕು, ಹತ್ತೂ ಜನ ಬೇರೆ ಬೇರೆ ಕುಟುಂಬದವರಾಗಿರಬೇಕು, ಸಂಘದ ಕಾರ್ಯವ್ಯಾಪ್ತಿಯಲ್ಲೇ ವಾಸವಿರಬೇಕು. ನೀವು ಹನ್ನೊಂದು ಜನ, ಆದರೆ ಗಂಡ-ಹೆಂಡತಿ ಒಂದೇ ಕುಟುಂಬವಾದ್ದರಿಂದ ಲೆಕ್ಕಕ್ಕೆ ಸಿಗುವುದು ಹತ್ತೇ. ಒಬ್ಬರು ಹಿಂದೆ ಸರಿದರೂ ಅರ್ಜಿ ಬಿದ್ದುಹೋಗುತ್ತದೆ. ಇನ್ನೂ ಮೂರು-ನಾಲ್ಕು ಜನರ ಸಹಿ ಇಟ್ಟುಕೊಂಡೇ ಹೊರಡಿ.

ಕ್ರಮ ಹೀಗೆ: ಮುಖ್ಯ ಪ್ರವರ್ತಕರೊಬ್ಬರನ್ನು ಸಭೆಯಲ್ಲಿ ಆರಿಸಿ, ನಡಾವಳಿ ಬರೆದು, ಹೆಸರು ಕಾಯ್ದಿರಿಸಲು ಮತ್ತು ಬ್ಯಾಂಕ್ ಖಾತೆ ತೆರೆಯಲು ಸಹಕಾರ ಸಂಘಗಳ ನಿಬಂಧಕರ (ರಿಜಿಸ್ಟ್ರಾರ್) ಅನುಮತಿ ಪಡೆಯಿರಿ. ಷೇರು ಹಣ ಆ ಖಾತೆಗೆ ಕಟ್ಟಿ, ಬೈಲಾ ಮತ್ತು ಯೋಜನಾ ವರದಿಯೊಂದಿಗೆ ಅರ್ಜಿ ಹಾಕಿ. ಆರ್ಥಿಕವಾಗಿ ನಿಲ್ಲದ ಸಂಘವನ್ನು ನೋಂದಾಯಿಸಬಾರದು ಎಂದು ಕಾಯ್ದೆಯಲ್ಲೇ ಇರುವುದರಿಂದ ಈ ವರದಿ ಕಾಟಾಚಾರದ್ದಲ್ಲ. ನಿರ್ಧಾರಕ್ಕೆ ಎರಡು ತಿಂಗಳ ಗಡುವಿದೆ. ರಾಜ್ಯದ ಸಹಕಾರ ಆಯುಕ್ತರ ಕಚೇರಿ ಪುಣೆಯಲ್ಲೇ ಇರುವುದು ನಿಮಗೆ ಅನುಕೂಲ. ಕಾಗದಪತ್ರ ಹೆಚ್ಚಾಗಿ ಮರಾಠಿಯಲ್ಲಿ; ಬೈಲಾವನ್ನು ಎಲ್ಲರೂ ಓದಿ ಅರ್ಥ ಮಾಡಿಕೊಂಡ ಮೇಲೆಯೇ ಸಹಿ ಹಾಕಿ.

'ಪ್ರೊಡ್ಯೂಸರ್ ಕಂಪನಿ ಮಾಡಿ, ಸುಲಭ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಕೃಷಿ, ಕೈಮಗ್ಗ, ಕರಕುಶಲದಂಥ ಪ್ರಾಥಮಿಕ ಉತ್ಪನ್ನದವರಿಗೆ ಮಾತ್ರ. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಮಾಡಬಹುದು, ಇಬ್ಬರಿದ್ದರೂ ಸಾಕು. ಆದರೆ ಅಲ್ಲಿ ಒಬ್ಬರಿಗೆ ಒಂದೇ ಮತ ಎಂಬುದು ಬದಲಿಸಲಾಗದ ನಿಯಮವಲ್ಲ, ಕರಾರಿನಲ್ಲಿ ಬೇರೆ ಬರೆದರೆ ಅದೇ ನಡೆಯುತ್ತದೆ. ಇಪ್ಪತ್ತು ಜನ ಬಂದು ಹೋಗುವ ಜಾಗಕ್ಕೆ ಪ್ರತಿ ಸಲ ಪಾಲುದಾರರ ಬದಲಾವಣೆ ದಾಖಲಿಸುವುದೂ ತಲೆನೋವು. ಎಲ್ಲಕ್ಕಿಂತ ಕೆಟ್ಟದ್ದು, ಒಬ್ಬರ ಹೆಸರಿನಲ್ಲಿ ಕರಾರು ಮಾಡಿ ಉಳಿದವರು ಅವರಿಗೆ ಯುಪಿಐ ಮಾಡುವುದು. ಅದೆಲ್ಲ ಅವರ ಆದಾಯವಾಗಿ ಕಾಣುತ್ತದೆ, ಮಾಲೀಕರ ಕಣ್ಣಿಗೆ ಮರುಬಾಡಿಗೆಯಾಗಿ ಕಾಣುತ್ತದೆ.

ಈಗ ಹಣ. ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ತೊಡಕಿದೆ. 1960ರ ಕಾಯ್ದೆಯ 29ನೇ ಕಲಂ ಪ್ರಕಾರ, ಬಿಟ್ಟುಹೋಗುವ ಸದಸ್ಯರಿಗೆ ಸಂಘ ಒಂದು ಆರ್ಥಿಕ ವರ್ಷದಲ್ಲಿ ವಾಪಸ್ ಕೊಡಬಹುದಾದ ಷೇರು ಹಣ, ಹಿಂದಿನ ವರ್ಷಾಂತ್ಯದ ಷೇರು ಬಂಡವಾಳದ ಶೇ 10ನ್ನು ಮೀರುವಂತಿಲ್ಲ. ತಲಾ ಒಂದೂವರೆ ಲಕ್ಷವನ್ನು ಷೇರಾಗಿ ಹಾಕಿದ ಹನ್ನೊಂದು ಜನರಲ್ಲಿ ಇಬ್ಬರು ಒಂದೇ ವರ್ಷ ಹೊರಟರೆ, ಎರಡನೆಯವರು ಮುಂದಿನ ವರ್ಷದವರೆಗೆ ಕಾಯಬೇಕು. ಆದ್ದರಿಂದ ಷೇರು ಚಿಕ್ಕದಿರಲಿ, ತಲಾ 5,000 ರೂಪಾಯಿ. ದೊಡ್ಡ ಮೊತ್ತವನ್ನು ಮೇಜಿನ ಡಿಪಾಸಿಟ್ ಆಗಿ, ಬೇರೆ ಬಳಕೆ ಕರಾರಿನಡಿ ಪಡೆಯಿರಿ; ಡಿಪಾಸಿಟ್ ಪಡೆಯುವ ಅಧಿಕಾರ ಮತ್ತು ಮಿತಿಯನ್ನು ಬೈಲಾದಲ್ಲಿ ನಮೂದಿಸಿ.

ನಿಮ್ಮ ಜಾಗಕ್ಕೆ ನಾನು ಅಂದಾಜು ಮಾಡುವ ಆರಂಭದ ಖರ್ಚು: ಮಾಲೀಕರಿಗೆ ಡಿಪಾಸಿಟ್ 4.8 ಲಕ್ಷ, ವಿದ್ಯುತ್ ಕೆಲಸ 1.4, ಮೇಜು-ಕುರ್ಚಿ 2.7, ಯುಪಿಎಸ್ 1.5, ನೆಟ್‌ವರ್ಕ್ ಮತ್ತು ಶೇಖರಣಾ ಯಂತ್ರ 1.4, ಮೂರು ತಿಂಗಳ ಖರ್ಚಿನ ಮೀಸಲು 4.3. ಒಟ್ಟು 16.1 ಲಕ್ಷ. ಖಾಯಂ ಮೇಜಿನ 12 ಜನ ತಲಾ ಒಂದು ಲಕ್ಷ, ಸರದಿಯ 10 ಜನ ತಲಾ 30,000 ಡಿಪಾಸಿಟ್ ಇಟ್ಟು, 22 ಜನರ ಷೇರು ಹಣ ಸೇರಿದರೆ ಅಷ್ಟೇ ಆಗುತ್ತದೆ. ಆದರೆ ಗಮನಿಸಿ: ಇದರಲ್ಲಿ 7 ಲಕ್ಷ ವೈರಿಂಗು, ಕುರ್ಚಿ, ಯಂತ್ರಗಳಾಗಿ ಹೋಯಿತು. 15 ಲಕ್ಷ ಡಿಪಾಸಿಟ್ ಪೂರ್ತಿ ವಾಪಸ್ ಕೊಡುತ್ತೇವೆಂದು ಮಾತು ಕೊಟ್ಟರೆ ಅಷ್ಟು ಹಣ ಎಲ್ಲೂ ಇರುವುದಿಲ್ಲ. ಡಿಪಾಸಿಟ್ಟಿನ ಶೇ 35 ಭಾಗ 36 ತಿಂಗಳಲ್ಲಿ ಸಮನಾಗಿ ಕರಗಿ ಸಂಘದ್ದಾಗುತ್ತದೆ ಎಂದು ಬರೆಯಿರಿ (ಒಟ್ಟು 5.25 ಲಕ್ಷ). ಜೊತೆಗೆ ತಿಂಗಳಿಗೆ 9,000 ಬದಲಿ ನಿಧಿಗೆ ಹಾಕಿದರೆ ಮೂರು ವರ್ಷದಲ್ಲಿ 3.24 ಲಕ್ಷ. ಎರಡೂ ಸೇರಿ ಆ 7 ಲಕ್ಷ ತುಂಬುತ್ತದೆ. ಬಿಟ್ಟುಹೋಗುವವರಿಗೆ ಉಳಿದ ಮೊತ್ತ 90 ದಿನದಲ್ಲಿ, ಅಥವಾ ಆ ಮೇಜಿಗೆ ಹೊಸಬರು ಬಂದ ದಿನ, ಯಾವುದು ಮೊದಲೋ ಅಂದು.

ತಿಂಗಳ ಖರ್ಚು: ಬಾಡಿಗೆ 80,000, ಕಟ್ಟಡದ ನಿರ್ವಹಣೆ 7,000, ಕರೆಂಟು 24,000, ಇಂಟರ್ನೆಟ್ 6,000, ಸ್ವಚ್ಛತೆ 8,000, ಲೆಕ್ಕ ಮತ್ತು ಆಡಿಟ್ 6,000, ವಿಮೆ-ದುರಸ್ತಿ 4,000, ಬದಲಿ ನಿಧಿ 9,000. ಒಟ್ಟು 1,44,000. ಖಾಯಂ ಮೇಜಿಗೆ 9,500, ಸರದಿಯವರಿಗೆ 3,500 ಇಟ್ಟರೆ ಎಲ್ಲ ಭರ್ತಿಯಾದಾಗ 1,49,000 ಬರುತ್ತದೆ. ಚೆನ್ನಾಗಿ ಕಾಣುತ್ತದೆ. ಆದರೆ 9 ಖಾಯಂ, 8 ಸರದಿಯವರು ಮಾತ್ರ ಇದ್ದಾಗ ಬರುವುದು 1,13,500. ತಿಂಗಳಿಗೆ 30,500 ಕೊರತೆ. ನೀವು ಹನ್ನೊಂದೇ ಜನ ಶುರು ಮಾಡಿದರೆ ಕೊರತೆ 39,500, ಮೀಸಲು ಹನ್ನೊಂದನೇ ತಿಂಗಳಿಗೆ ಖಾಲಿ. ಅದೂ ಮೀಸಲು ಪೂರ್ತಿ ಸಂಗ್ರಹವಾಗಿದ್ದರೆ. ಹಾಗಾಗಿ ಹದಿನೆಂಟು ಜನ ಡಿಪಾಸಿಟ್ ಕಟ್ಟುವವರೆಗೆ ಈ ಜಾಗ ಹಿಡಿಯಬೇಡಿ ಎಂಬುದು ನನ್ನ ಖಚಿತ ಸಲಹೆ. ಅಲ್ಲಿಯವರೆಗೆ 700–800 ಚದರಡಿ ಸಾಕು. ಜನ ಸಿಗುವುದು ಕಷ್ಟವಲ್ಲ: 2008ರಿಂದ ಫ್ರಾನ್ಸಿನ ಗೇಮ್ ಕಂಪನಿ ಯುಬಿಸಾಫ್ಟ್‌ನ ಸ್ಟುಡಿಯೊ ಇರುವ, 2020ರಲ್ಲಿ 'ರಾಜಿ' ಗೇಮ್ ಹೊರಟ ಊರು ಇದು. ಸಮಯ ಬೇಕು ಅಷ್ಟೇ.

ಜಿಎಸ್‌ಟಿ ಬಗ್ಗೆ ಒಂದು ಮಾತು. ಸಂಘ ತನ್ನ ಸದಸ್ಯರಿಂದಲೇ ಶುಲ್ಕ ಪಡೆಯುವುದರಿಂದ ತೆರಿಗೆ ಇಲ್ಲ ಎಂಬ ವಾದವನ್ನು ನೆಚ್ಚಿಕೊಂಡು ಕೂರಬೇಡಿ. 2021ರ ಹಣಕಾಸು ಕಾಯ್ದೆ 2017ರ ಜುಲೈ 1ರಿಂದಲೇ ಅನ್ವಯವಾಗುವಂತೆ ಅದನ್ನು ತೆಗೆದುಹಾಕಿದೆ. ಆದರೆ ಸೇವೆಗೆ ನೋಂದಣಿ ಮಿತಿ ವರ್ಷಕ್ಕೆ 20 ಲಕ್ಷ. ನಿಮ್ಮ ಶುಲ್ಕ 17.88 ಲಕ್ಷ, ಕರಗುವ ಡಿಪಾಸಿಟ್ ವರ್ಷಕ್ಕೆ 1.75 ಲಕ್ಷ, ಒಟ್ಟು 19.63 ಲಕ್ಷ. ಒಂದೆರಡು ಕಾರ್ಯಾಗಾರ ಮಾಡಿ ಪ್ರವೇಶ ಶುಲ್ಕ ವಸೂಲಿ ಮಾಡಿದರೂ ಗೆರೆ ದಾಟುತ್ತೀರಿ, ಆಮೇಲೆ ಶುಲ್ಕದ ಮೇಲೆ ಶೇ 18 ಹಾಕಲೇಬೇಕು. ಮಾಲೀಕರು ಜಿಎಸ್‌ಟಿ ನೋಂದಾಯಿತರೇ ಎಂದೂ ಈಗಲೇ ಕೇಳಿ. ಹೌದಾದರೆ 80,000ದ ಮೇಲೆ 14,400 ಸೇರುತ್ತದೆ, ಜಿಎಸ್‌ಟಿ ನೋಂದಣಿ ಇಲ್ಲದ ಸಂಘಕ್ಕೆ ಅದು ವಾಪಸ್ ಸಿಗುವುದಿಲ್ಲ, ಮೇಲಿನ ಲೆಕ್ಕವೇ ಬದಲಾಗುತ್ತದೆ.

ಬಿಡುಗಡೆಗೆ ಮುಂಚಿನ ಕೈಬಿಗಿ ತಿಂಗಳುಗಳಿಗೆ ಮುಂದೂಡಿಕೆ ನಿಯಮ ಇಡಿ: ಆರು ತಿಂಗಳವರೆಗೆ ಅರ್ಧ ಶುಲ್ಕ, ಉಳಿದರ್ಧ ಬಾಕಿ. ಒಂದೇ ಹೊತ್ತಿಗೆ ಮೂರು ಜನಕ್ಕಿಂತ ಹೆಚ್ಚಿಗೆ ಈ ಸೌಲಭ್ಯ ಬೇಡ, ಅಂದರೆ ತಿಂಗಳಿಗೆ 14,250ರ ಹೊರೆ. ಬಾಕಿ ತೀರಿಸುವ ದಿನ ಬಿಡುಗಡೆಯ ದಿನವಲ್ಲ, ಮೊದಲ ಹಣ ಕೈಗೆ ಬಂದ ದಿನ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ತನ್ನ ಶೇ 30 ಹಿಡಿದುಕೊಂಡು, ಒಂದು ತಿಂಗಳ ಮಾರಾಟದ ಹಣವನ್ನು ಮುಂದಿನ ತಿಂಗಳು ಕಳಿಸುತ್ತದೆ. ಶುಲ್ಕದ ಬದಲು ಗೇಮಿನ ಆದಾಯದಲ್ಲಿ ಪಾಲು ತೆಗೆದುಕೊಳ್ಳೋಣ ಎಂಬ ಸಲಹೆ ಖಂಡಿತ ಬರುತ್ತದೆ. ಒಪ್ಪಬೇಡಿ. ಆ ಕ್ಷಣದಿಂದ ಸಂಘ ಗೇಮಿಗೂ ಮಾಲೀಕನಾಗುತ್ತದೆ, ಯಾರ ಗೇಮ್ ಓಡಿತು ಎಂಬುದೇ ಸಭೆಯ ವಿಷಯವಾಗುತ್ತದೆ.

ಬಾಡಿಗೆ ಕರಾರು: ಕರ್ನಾಟಕದಲ್ಲಿ ನೋಡಿದ 11 ತಿಂಗಳ ನೋಟರಿ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೇ ಕಲಂ ಪ್ರಕಾರ ಅವಧಿ ಎಷ್ಟೇ ಇರಲಿ, ಲೀವ್ ಅಂಡ್ ಲೈಸೆನ್ಸ್ (ಜಾಗ ಬಳಸಲು ಅನುಮತಿ ಕೊಡುವ ಬಾಡಿಗೆ) ಕರಾರು ನೋಂದಣಿಯಾಗಲೇಬೇಕು. ಮುದ್ರಾಂಕ ಶುಲ್ಕ ಶೇ 0.25. ಮೂರು ವರ್ಷಕ್ಕೆ ನಿಮ್ಮ ಲೆಕ್ಕ: ಒಟ್ಟು ಬಾಡಿಗೆ 28.8 ಲಕ್ಷ, ಡಿಪಾಸಿಟ್ ಮೇಲೆ ವರ್ಷಕ್ಕೆ ಶೇ 10ರಂತೆ 1.44 ಲಕ್ಷ, ಒಟ್ಟು 30.24 ಲಕ್ಷಕ್ಕೆ 7,560 ರೂಪಾಯಿ. ಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000. ಸಂಘದ ನೋಂದಣಿ ಪತ್ರ ಕೈಗೆ ಬರುವ ಮೊದಲು ಈ ಕರಾರಿಗೆ ಸಹಿ ಹಾಕಿದರೆ ಮುಖ್ಯ ಪ್ರವರ್ತಕರು ಸ್ವಂತ ಹೊಣೆಯಲ್ಲಿ ಸಿಕ್ಕಿಬೀಳುತ್ತಾರೆ. 'ಸಂಘದ ಸದಸ್ಯರು 24 ಗಂಟೆ ಬಳಸಬಹುದು' ಎಂಬ ಸಾಲು ಕರಾರಿನಲ್ಲಿರಲಿ. ರಾತ್ರಿ ಹತ್ತರ ಮೇಲೆ ಗೇಟು, ಲಿಫ್ಟು ಬಂದ್ ಆಗುವ ಕಟ್ಟಡ ಈ ಕೆಲಸಕ್ಕೆ ಆಗಿಬರುವುದಿಲ್ಲ.

ಕರೆಂಟಿನಲ್ಲಿ ಎಡವುವವರೇ ಹೆಚ್ಚು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೋಡ್ ಬರೆಯುವಾಗ 150 ವ್ಯಾಟ್ ಎಳೆಯುವ ಕಂಪ್ಯೂಟರ್ ಲೈಟಿಂಗ್ ಬೇಕ್ ಅಥವಾ ರೆಂಡರ್ (ಗೇಮಿನ ಬೆಳಕು, ಚಿತ್ರಗಳ ಭಾರೀ ಲೆಕ್ಕ) ಹಾಕಿದಾಗ 400 ದಾಟುತ್ತದೆ. 16 ಮೇಜಿಗೆ 6.4 ಕಿಲೋವ್ಯಾಟ್, ಎಲ್ಲರೂ ಒಟ್ಟಿಗೆ ಹಾಕುವುದಿಲ್ಲವೆಂದು ಶೇ 70 ಹಿಡಿದರೆ 4.5. ಅಷ್ಟೂ ವಿದ್ಯುತ್ ಕೋಣೆಯೊಳಗೆ ಶಾಖವಾಗುತ್ತದೆ. ಒಂದು ಟನ್ ಎಸಿ ಹೊರಹಾಕುವುದು 3.5 ಕಿಲೋವ್ಯಾಟ್ ಶಾಖ, ಕಂಪ್ಯೂಟರ್‌ಗಳಿಗೇ 1.3 ಟನ್ ಬೇಕಾಯಿತು. ಜನರ ಮೈಶಾಖ, ಪಶ್ಚಿಮದ ಗೋಡೆಯ ಬಿಸಿಲು ಸೇರಿ ಒಂದೂವರೆ ಟನ್ನಿನ ಮೂರು ಎಸಿ ಹಾಕಿ. ಅವು 4.5, ದೀಪ-ಫ್ಯಾನು-ಸರ್ವರ್ 1, ಒಟ್ಟು 10 ಕಿಲೋವ್ಯಾಟ್. ಮಹಾವಿತರಣದ (ರಾಜ್ಯದ ವಿದ್ಯುತ್ ವಿತರಣಾ ಕಂಪನಿಯ) ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. 12 ಕಿಲೋವ್ಯಾಟ್, ತ್ರೀ ಫೇಸ್ ಬೇಕು.

ತ್ರೀ ಫೇಸ್ ಬಂದಾಗ ನ್ಯೂಟ್ರಲ್ (ಕರೆಂಟು ಮರಳುವ) ತಂತಿಯನ್ನು ಫೇಸ್ ತಂತಿಯಷ್ಟೇ ದಪ್ಪಕ್ಕೆ ಹಾಕಿಸಿ. ಕಂಪ್ಯೂಟರ್ ಪವರ್ ಸಪ್ಲೈಗಳ ಹಾರ್ಮೋನಿಕ್ ಕರೆಂಟು (ಸಹಜ ಅಲೆಗಿಂತ ಹೆಚ್ಚು ವೇಗದ ಅಲೆಗಳದು) ಮೂರೂ ಫೇಸಿನಿಂದ ಬಂದು ನ್ಯೂಟ್ರಲ್‌ನಲ್ಲಿ ಕೂಡಿಕೊಳ್ಳುತ್ತದೆ. ಆ ಜೋಡಣೆ ಸಡಿಲಾಗಿ ಕಡಿದರೆ 230ರ ಬದಲು 400 ವೋಲ್ಟಿನ ಹತ್ತಿರ ಯಂತ್ರಗಳ ಮೇಲೆ ಬಂದು ಒಂದೇ ಏಟಿಗೆ ಅರ್ಧ ಕಚೇರಿ ಸುಡುತ್ತದೆ. 270 ವೋಲ್ಟ್ ದಾಟಿದರೆ ಕಡಿಯುವ ರಿಲೇ ಹಾಕಿಸುವುದು ಕಡ್ಡಾಯ ಎಂದುಕೊಳ್ಳಿ. ಆರ್‌ಸಿಸಿಬಿ (ಕರೆಂಟು ಭೂಮಿಗೆ ಸೋರಿದರೆ ಕಡಿಯುವ ಸ್ವಿಚ್ಚು) 30 ಮಿಲಿಆಂಪಿನದು ಇರಲಿ, ಆದರೆ ಒಂದಕ್ಕೆ ನಾಲ್ಕೇ ಮೇಜು. ಪ್ರತಿ ಕಂಪ್ಯೂಟರ್, ಮಾನಿಟರ್‌ನ ಫಿಲ್ಟರ್‌ನಿಂದ ಸುಮಾರು ಒಂದು ಮಿಲಿಆಂಪ್ ಸಹಜವಾಗಿ ಭೂಮಿಗೆ ಸೋರುತ್ತದೆ, 30ರ ಸ್ವಿಚ್ಚು 15 ದಾಟಿದಾಗಿನಿಂದಲೇ ಬೀಳಬಹುದು. ಹದಿನಾರು ಮೇಜು ಒಂದಕ್ಕೇ ಕಟ್ಟಿದರೆ ಕಾರಣವಿಲ್ಲದೆ ಬೀಳುತ್ತಲೇ ಇರುತ್ತದೆ, ಕೊನೆಗೆ ಯಾರೋ ಬೇಸತ್ತು ಅದನ್ನೇ ಬೈಪಾಸ್ ಮಾಡುತ್ತಾರೆ. ಅಪಾಯ ಶುರುವಾಗುವುದು ಅಲ್ಲಿ. ಕಂಪ್ಯೂಟರ್ ಕೇಸ್ ಮುಟ್ಟಿದಾಗ ಕೈ ಜುಮ್ಮೆಂದರೆ ಆ ಸಾಕೆಟ್ಟಿಗೆ ಅರ್ಥಿಂಗ್ ಇಲ್ಲವೆಂದೇ ಅರ್ಥ.

ಯುಪಿಎಸ್ ದೊಡ್ಡದೊಂದರ ಬದಲು ಮೇಜಿಗೊಂದು 1 ಕೆವಿಎ ಸಾಕು. ಫೈಲ್ ಉಳಿಸಿ ಆರಿಸಲು ಹತ್ತು ನಿಮಿಷ ಸಿಕ್ಕರೆ ಆಯಿತು. ಪ್ಯೂರ್ ಸೈನ್ ವೇವ್ (ಮನೆ ಕರೆಂಟಿನಂತೆ ನಯವಾದ ಅಲೆ) ಎಂದು ಕೇಳಿ ತನ್ನಿ, ಇಲ್ಲದಿದ್ದರೆ ಈಗಿನ ಪವರ್ ಸಪ್ಲೈಗಳು ಬ್ಯಾಟರಿಗೆ ಬದಲಾಗುವ ಕ್ಷಣದಲ್ಲೇ ಆರಿಹೋಗುವುದುಂಟು. ರೂಟರ್, ಸರ್ವರ್‌ಗೆ ಮಾತ್ರ ಆನ್‌ಲೈನ್ ಯುಪಿಎಸ್ (ಕ್ಷಣವೂ ಕಡಿಯದಂತೆ ಕರೆಂಟು ಕೊಡುವುದು) ಮತ್ತು ಎರಡು ಗಂಟೆಯ ಬ್ಯಾಟರಿ. ಪುಣೆಯಲ್ಲಿ ನಿರ್ವಹಣೆಗಾಗಿ ಗುರುವಾರ ಕರೆಂಟು ತೆಗೆಯುವ ರೂಢಿಯಿದೆ. ಸ್ಟೀಮ್‌ನಲ್ಲಿ ಗುರುವಾರವೇ ಬಿಡುಗಡೆ ಇಟ್ಟುಕೊಳ್ಳುವವರೂ ಬಹಳ. ಅಂತಿಮ ಬಿಲ್ಡ್ (ಬಿಡುಗಡೆಗೆ ಸಿದ್ಧವಾದ ಗೇಮ್ ಫೈಲು) ಬುಧವಾರವೇ ಮೇಲೇರಿರಲಿ.

ಇಂಟರ್ನೆಟ್‌ನಲ್ಲಿ ನೋಡಬೇಕಾದ್ದು ಅಪ್‌ಲೋಡ್ ವೇಗ. 20 ಜಿಬಿ ಬಿಲ್ಡ್ 50 ಎಂಬಿಪಿಎಸ್‌ನಲ್ಲಿ 53 ನಿಮಿಷ, 300ರಲ್ಲಿ 9 ನಿಮಿಷ. ಎರಡೂ ಕಡೆ ಸಮಾನ ವೇಗದ 300ರ ಒಂದು ಲೈನ್, ಬೇರೆ ಕಂಪನಿಯ ಇನ್ನೊಂದು ಅಗ್ಗದ ಲೈನ್ ಇರಲಿ. ಎರಡೂ ಒಂದೇ ದಾರಿಯಲ್ಲಿ ಬರುತ್ತಿವೆಯೇ ಎಂದು ಕಣ್ಣಾರೆ ನೋಡಿ. ಹಾಗಿದ್ದರೆ ರಸ್ತೆ ಅಗೆದಾಗ ಎರಡೂ ಒಟ್ಟಿಗೆ ಹೋಗುತ್ತವೆ. ಮಲ್ಟಿಪ್ಲೇಯರ್ ಪರೀಕ್ಷೆಗೆ ಸ್ಥಿರ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಬೇಕು. ಒಳಗೆ ಪ್ರತಿ ತಂಡಕ್ಕೆ ಪ್ರತ್ಯೇಕ ವಿಲ್ಯಾನ್ (ನೆಟ್‌ವರ್ಕಿನ ಬೇರ್ಪಡಿಸಿದ ಭಾಗ), ಅತಿಥಿಗಳಿಗೆ ಬೇರೆ ವೈಫೈ. ಶೇಖರಣೆಗೆ 8 ಟಿಬಿಯ ನಾಲ್ಕು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ರೇಡ್ 6 ಹಾಕಿದರೆ 16 ಟಿಬಿ ಬಳಕೆಗೆ ಸಿಗುತ್ತದೆ, ಎರಡು ಡಿಸ್ಕ್ ಕೆಟ್ಟರೂ ತಡೆಯುತ್ತದೆ. ಅದು ಬ್ಯಾಕಪ್ ಅಲ್ಲ. ಇನ್ನೊಂದು ಪ್ರತಿ ಕಟ್ಟಡದ ಹೊರಗಿರಬೇಕು. ಫೈಲುಗಳ ಪ್ರತಿ ಬದಲಾವಣೆ ದಾಖಲಿಸುವ ಪರ್ಫೋರ್ಸ್ ತಂತ್ರಾಂಶ ಐದು ಬಳಕೆದಾರರಿಗೆ ಉಚಿತ, ಆದರೆ ಇಡೀ ಸಂಘಕ್ಕೆ ಒಂದೇ ಸರ್ವರ್ ಹಾಕಿದರೆ ಆ ಮಿತಿ ಮೊದಲ ವಾರವೇ ಮುಗಿಯುತ್ತದೆ. ಗೇಮ್ ಎಂಜಿನ್, ಸಾಫ್ಟ್‌ವೇರ್ ಪರವಾನಗಿಗಳು ಆಯಾ ತಂಡದ ಹೆಸರಿನಲ್ಲೇ ಇರಲಿ.

ಕನ್ಸೋಲ್ ಡೆವ್‌ಕಿಟ್ (ಗೇಮ್ ತಯಾರಕರಿಗೆಂದೇ ಕೊಡುವ ಕನ್ಸೋಲ್ ಯಂತ್ರ) ಹಂಚಿಕೊಳ್ಳುವ ಆಸೆ ಬಿಡಿ. ನಿಂಟೆಂಡೊ, ಸೋನಿ, ಮೈಕ್ರೋಸಾಫ್ಟ್ ಗೋಪ್ಯತಾ ಕರಾರಿನ ಮೇಲೆ ನಿರ್ದಿಷ್ಟ ತಂಡಕ್ಕೆ ಕೊಡುತ್ತವೆ, ಪಕ್ಕದ ಮೇಜಿನವರು ನೋಡುವುದೂ ಉಲ್ಲಂಘನೆಯಾಗಬಹುದು. 60–70 ಚದರಡಿಯ, ಬೀಗವಿರುವ ಕೋಣೆಯೊಂದನ್ನು ಮೊದಲ ನಕ್ಷೆಯಲ್ಲೇ ಸೇರಿಸಿ. ಹಂಚಿಕೊಳ್ಳಬೇಕಾದ್ದು ಪರೀಕ್ಷಾ ಫೋನುಗಳು: 2–3 ಜಿಬಿ ರ‍್ಯಾಮಿನ ಹಳೆಯ ಆಂಡ್ರಾಯ್ಡ್‌ಗಳು, ಅಡ್ರಿನೊ, ಮಾಲಿ, ಪವರ್‌ವಿಆರ್ ಮೂರೂ ಬಗೆಯ ಜಿಪಿಯು (ಚಿತ್ರ ಮೂಡಿಸುವ ಚಿಪ್) ಇರುವಂತೆ ಹತ್ತು-ಹನ್ನೆರಡು. ಸದಾ ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಉಬ್ಬುತ್ತದೆ. ಟೈಮರ್ ಇಟ್ಟು ದಿನಕ್ಕೆ ಎರಡು ಗಂಟೆ ಮಾತ್ರ ಚಾರ್ಜ್ ಮಾಡಿ. ಪರೀಕ್ಷೆ ಎಸಿ ಇಲ್ಲದ ಕಡೆ ನಡೆಯಲಿ: ಏಪ್ರಿಲ್ ಬಿಸಿಲಿನಲ್ಲಿ ಫೋನ್ ತಾನೇ ವೇಗ ತಗ್ಗಿಸಿಕೊಂಡಾಗ ಗೇಮ್ ಎಷ್ಟು ಮುಗ್ಗರಿಸುತ್ತದೆಂದು ಆಡುವವರಿಗೆ ಗೊತ್ತು, 24 ಡಿಗ್ರಿಯಲ್ಲಿ ಕೂತ ನಿಮಗೆ ಗೊತ್ತಾಗುವುದಿಲ್ಲ.

ಬೆಳಗಾವಿಯ ಗೆಳೆಯರ ವಿಷಯ: ಪುಣೆಯ ಕಾರ್ಯವ್ಯಾಪ್ತಿಯಲ್ಲಿ ವಾಸವಿಲ್ಲದ ಅವರು ಆ ಹತ್ತರ ಲೆಕ್ಕಕ್ಕೆ ಸಿಗುವುದಿಲ್ಲ. ಎರಡು ರಾಜ್ಯದವರಿಗೂ ಮತ ಇರಬೇಕೆಂದರೆ 2002ರ ಬಹುರಾಜ್ಯ ಸಹಕಾರ ಸಂಘಗಳ ಕಾಯ್ದೆಗೆ ಹೋಗಬೇಕು, ಅದಕ್ಕೆ ಪ್ರತಿ ರಾಜ್ಯದಿಂದ ಕನಿಷ್ಠ 50 ಜನ. ನಿಮ್ಮ ಅಳತೆಗೆ ಅದು ಹೊಂದುವುದಿಲ್ಲ. ಮತವಿಲ್ಲದ ನಾಮಮಾತ್ರ ಸದಸ್ಯರ ವರ್ಗವೊಂದನ್ನು ಬೈಲಾದಲ್ಲಿ ಇಟ್ಟು, ಅವರು ಪುಣೆಗೆ ಬಂದ ದಿನಗಳಿಗೆ ದಿನದ ಲೆಕ್ಕದಲ್ಲಿ ಮೇಜು ಕೊಡಿ. ಶೇಖರಣಾ ಸರ್ವರ್ ಬಳಸುವುದಾದರೆ ವಿಪಿಎನ್ (ಇಂಟರ್ನೆಟ್ ಮೇಲಿನ ಸುರಕ್ಷಿತ ಸಂಪರ್ಕ) ಮೂಲಕ, ತಿಂಗಳಿಗಿಷ್ಟು ಎಂದು ಬೇರೆ ಶುಲ್ಕ. ಆ ಹಣವೂ 20 ಲಕ್ಷದ ಲೆಕ್ಕಕ್ಕೆ ಸೇರುತ್ತದೆ.